ಕ್ರೇನು ನಿಂತ ಜಾಗ

ನಮ್ಮ ಮೊದಲ ಮಗಳು ಹೆಸರಿಡುವ ಮುಂಚೆಯೇ ತೀರಿಕೊಂಡಳು. ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಗುರುತಿಗೆ ಕಲ್ಲಿಡುವುದಿಲ್ಲ, ಎಲ್ಲಿ ಎಂದು ಹೆತ್ತವಳಿಗೆ ಹೇಳುವುದೂ ಇಲ್ಲ. ನಾನು ಸಿರುಗುಪ್ಪದ ತವರಿನಲ್ಲಿ ಬಾಣಂತಿಕೋಣೆಯಲ್ಲಿದ್ದೆ. ಯಜಮಾನರು ಕೂಸನ್ನು ಪಂಚೆಯಲ್ಲಿ ಸುತ್ತಿಕೊಂಡು ಕುರುಗೋಡಿನ ನಮ್ಮ ಹೊಲಕ್ಕೆ ಹೋದರು. ಆಮೇಲೆ ದೇವರು ಇಬ್ಬರು ಮಕ್ಕಳನ್ನು ಕೊಟ್ಟ, ಬಳ್ಳಾರಿಯಲ್ಲಿ ಸ್ವಂತ ಮನೆಯಾಯಿತು. ಎಲ್ಲಿ ಎಂದು ನಾನು ಕೇಳಲಿಲ್ಲ. ಆ ಹೊಲಕ್ಕೆ ಹೋದಾಗಲೆಲ್ಲ ಎಲ್ಲಿ ಕಾಲಿಡಬಾರದೋ ತಿಳಿಯದೆ ಬದುವಿನ ಮೇಲೇ ನಿಲ್ಲುತ್ತಿದ್ದೆ.

ಈಚೆಗೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯವರು ಬಂದರು. ಗುಡ್ಡದ ಬಳಿ ಉದ್ದನೆಯ ಕಂಬ ನೆಟ್ಟು ಬಹಳ ದಿನ ಗಾಳಿ ಅಳೆದಿದ್ದರಂತೆ. ನಾವಿಬ್ಬರೂ ಹೋಗಿದ್ದ ದಿನ, ನಮ್ಮ ಹೊಲದಲ್ಲೂ ಒಂದು ಫ್ಯಾನು ಎಂದು ಗೂಟ ಬಡಿದರು.

“ಹೊಲದಾಗ ಗುಡಿ, ಗೋರಿ, ಹಳೆ ಬಾವಿ ಏನರ ಐತೇನ್ರಿ?” ಎಂಜಿನಿಯರು ಕೇಳಿದ.

“ಏನೂ ಇಲ್ರಿ,” ಎಂದರು ಯಜಮಾನರು. ಅವರ ಕಣ್ಣು ಗೂಟದ ಹತ್ತಿರದ ನೆಲ ಬಿಟ್ಟು ಕದಲಲಿಲ್ಲ.

“ಆ ಗೂಟ ಸರಿಸಾಕ ಬರತೈತೇನ್ರಿ?” ನಾನೇ ಕೇಳಿದೆ.

ಅವನು ನಕ್ಕ. “ಭಾಳ ಸರಿಸಾಕ ಬರಂಗಿಲ್ರೀ ಅಮ್ಮಾರೆ. ಗಾಳಿಗೂ ಎಂಜಲ ಐತಿ. ಒಂದು ಫ್ಯಾನು ಉಂಡ ಗಾಳಿ ಹಿಂದಿನ ಫ್ಯಾನಿಗೆ ಸೊರಗಿ ಬರತೈತಿ. ನೀವು ಉಂಡ ತಾಟಿನಾಗ ಬೀಗರಿಗೆ ಬಡಸ್ತೀರೇನು? ಯಾಕ, ಏನೈತಿ ಅಲ್ಲಿ?”

ಯಜಮಾನರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ನಮ್ಮ ಮಗಳು ಅದಾಳ್ರಿ. ಗೂಟದ ಬಲಕ್ಕ.”

ಇಷ್ಟು ವರ್ಷದ ಮೇಲೆ ನನಗೆ ಜಾಗ ತಿಳಿದದ್ದು ಹೀಗೆ, ಪರರ ಎದುರು.

ಎಂಜಿನಿಯರು ನಕಾಶೆ ಬಿಚ್ಚಿ ನೋಡಿದ. “ಬುನಾದಿ ಗುಂಡಿ ಒಂಚೂರು ಆ ಕಡೆ ತಗೋತೀವ್ರಿ. ಆದ್ರ ಕ್ರೇನು ಇಲ್ಲೇ ನಿಂದರಬೇಕಾಗತೈತಿ. ಅಗಿಯಂಗಿಲ್ಲ, ಮ್ಯಾಲೆ ಮೊರಂ ಮಣ್ಣು ಹಾಕಿ ಗಟ್ಟಿ ಮಾಡ್ತೀವಿ, ಅಷ್ಟ.”

ಅಗಿಯುವುದಿಲ್ಲವಲ್ಲ, ಹರಿ ದೊಡ್ಡವನು ಎಂದುಕೊಂಡೆ.

ಗುಂಡಿಯಲ್ಲಿ ಕಬ್ಬಿಣದ ಪಂಜರ ಕಟ್ಟಿ, ನಡುವೆ ನಿಲ್ಲಿಸದೆ ಕಾಂಕ್ರೀಟು ಸುರಿದರು. ಅದು ಗಟ್ಟಿಯಾದ ಮೇಲೆ ಕ್ರೇನು ಬಂದು ಫ್ಯಾನಿನ ಕಂಬದ ತುಂಡುಗಳನ್ನು ಒಂದರ ಮೇಲೊಂದು ಏರಿಸಿತು. ರೆಕ್ಕೆ ಏರಿಸಬೇಕಾದರೆ ಗಾಳಿ ಇಳಿಯಬೇಕು. ಗಾಳಿ ಇಳಿಯಲಿಲ್ಲ. ಗಾಳಿಗೆಂದೇ ಬಂದವರು ಗಾಳಿ ನಿಲ್ಲಲಿ ಎಂದು ಕಾದರು. ಅಷ್ಟೂ ದಿನ ಕ್ರೇನು ಅವಳ ಮೇಲೆ ನಿಂತಿತ್ತು. ಬಳ್ಳಾರಿಯ ಅಡುಗೆಮನೆಯಲ್ಲಿ ನನ್ನ ಎದೆ ಬಿಗಿಯಿತು, ಆಗ ಹಾಲು ಕಟ್ಟಿ ಬಿಗಿದಿತ್ತಲ್ಲ, ಹಾಗೆ. ತುಳಸಿಗೆ ನೀರು ಹಾಕುತ್ತ, ಗಾಳಿ ಇಳಿಸಪ್ಪಾ ಎಂದು ಬೇಡಿಕೊಂಡೆ. ಕೊನೆಗೂ ಇಳಿಸಿದ.

ಈಗ ಫ್ಯಾನು ತಿರುಗುತ್ತದೆ. ಕೆಳಗೆ ನಿಂತರೆ ಯಾರೋ ಉಸಿರೆಳೆದು ಬಿಟ್ಟ ಸದ್ದು. ನಾನು ಎಣಿಸುವುದಿಲ್ಲ, ಆದರೂ ಮುಂದಿನ ಉಸಿರಿಗೆ ಕಾಯುತ್ತೇನೆ.

ಮೊನ್ನೆ ಹೋದಾಗ ರಿಪೇರಿಯವರ ಜೀಪು ಕ್ರೇನಿದ್ದ ಜಾಗದಲ್ಲೇ ನಿಂತಿತ್ತು.

“ಅಪ್ಪಾ, ಜೀಪು ತುಸು ಆಚಿ ಹಚ್ಚತೀಯೇನು?” ಎಂದೆ.

“ಕಂಬದ ನೆಳ್ಳೈತಂತ ಇಲ್ಲಿ ಹಚ್ಚೀನಿ ಬೇ,” ಎಂದ ಡ್ರೈವರು. ನನ್ನ ಮುಖ ನೋಡಿ, ಯಾಕೆಂದು ಕೇಳದೆ ಬಿಸಿಲಿಗೆ ತೆಗೆದ. ಪುಣ್ಯಾತ್ಮ.

ಮೊರಂ ಮೇಲೆ ಎಂಜಿನ್ ಎಣ್ಣೆ ತೊಟ್ಟಿಕ್ಕಿತ್ತು. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಹೊಲದಿಂದ ಒಂದು ಹಿಡಿ ಮಣ್ಣು ತಂದು ಅದರ ಮೇಲೆ ಹಾಕಿದೆ.