ಡೇರಿ ಸಾಲಿನ ಪೆಂಗ್ವಿನ್ನುಗಳು

ನನಗೆ ಟೀವಿಯಲ್ಲಿ ನಿಜವಾದ ಸುದ್ದಿಗಿಂತ ಸುದ್ದಿಯ ಅಣಕವೇ ಇಷ್ಟ. ಟೈ ಕಟ್ಟಿಕೊಂಡ ಒಬ್ಬ ಕಳೆದುಹೋದ ಕೋಳಿಯ ಬಗ್ಗೆ ಗಂಟಲು ಹರಿಯುವಂತೆ ಕಿರುಚುವುದು, ಪಕ್ಕದಲ್ಲಿ ನಾಲ್ಕು ಜನ ತಜ್ಞರು ಕೂತು ಕೋಳಿಯ ಜಾತಕ ಹೇಳುವುದು, ಕೆಳಗೆ ಕೆಂಪು ಪಟ್ಟಿಯಲ್ಲಿ 'ಮೊಟ್ಟೆಯ ಹೇಳಿಕೆಗಾಗಿ ಕಾಯಲಾಗುತ್ತಿದೆ' ಎಂದು ಓಡುವುದು. ಇಂಥದ್ದನ್ನು ನೋಡುತ್ತ ಊಟ ಮಾಡಿ ಎಷ್ಟೋ ಸಲ ಅನ್ನ ನೆತ್ತಿಗೆ ಹತ್ತಿಸಿಕೊಂಡಿದ್ದೇನೆ. ಐವತ್ತು ದಾಟಿದ ಹೈಸ್ಕೂಲು ಮೇಷ್ಟರಿಗೆ ಇದು ಶೋಭೆಯಲ್ಲ ಅನ್ನುವವರು ಅನ್ನಲಿ. ದಿನವಿಡೀ ಕೆ.ಆರ್. ಪೇಟೆಯ ಶಾಲೆಯಲ್ಲಿ ಮುಖ ಗಂಟಿಕ್ಕಿಕೊಂಡಿದ್ದು, ಸಂಜೆ ಅಕ್ಕಿಹೆಬ್ಬಾಳಿನ ಕಡೆಯ ನಮ್ಮೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬರುವವನಿಗೆ ಅಷ್ಟಾದರೂ ಹಕ್ಕಿದೆ.

ನಮ್ಮಣ್ಣನಿಗೆ ಇದೊಂದೂ ಹಿಡಿಸದು. ಒಂದೇ ಗೋಡೆಯ ಆಚೆ ಈಚೆ ನಮ್ಮ ಎರಡು ಮನೆ. ನನಗಿಂತ ಹದಿನಾರು ವರ್ಷ ದೊಡ್ಡವನು, ನನ್ನನ್ನು ಸಾಕಿ ಓದಿಸಿದವನು. ಗದ್ದೆ, ಎರಡು ಹಸು, ಒಂದು ಬಟನ್ ಫೋನು, ಮೂಗಿನ ತುದಿಯಲ್ಲಿ ಕೋಪ, ಇಷ್ಟು ಅವನ ಆಸ್ತಿ. ಸಂಜೆ ನಮ್ಮ ಜಗಲಿಗೆ ಬಂದು ಕೂತು, ಕಿಟಕಿಯಿಂದ ಟೀವಿಯನ್ನೂ ನನ್ನನ್ನೂ ನೋಡಿ, "ಅದ್ರಲ್ಲಿ ನಗೋಕೇನೈತ್ಲಾ? ಕೋಳಿ ಕಳ್ದೋದ್ರೆ ಕಳ್ಕೊಂಡೋರ್ಗೆ ಗೊತ್ತು," ಅನ್ನುತ್ತಾನೆ. ಅವನು ಹಾಗಂದಾಗ ನನಗೆ ಇನ್ನೂ ನಗು ಬರುತ್ತದೆ.

ಹೋದ ವರ್ಷ ಫೋನಿನಲ್ಲಿ ಇನ್ನೊಂದು ಹುಚ್ಚು ಹಿಡಿಯಿತು. ಯಾರೋ ಪುಣ್ಯಾತ್ಮರು ಕಾಡುಪ್ರಾಣಿಗಳ ವಿಡಿಯೋಗಳಿಗೆ ಮಂಡ್ಯದ ಮಾತು ಜೋಡಿಸಿ ಬಿಡುತ್ತಾರೆ. ಸಿಂಹ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುತ್ತ, "ಯಾಕ್ಲಾ ಓಡ್ತೀಯ, ಬಾ ಮಾತಾಡವ," ಎಂದು ಕರೆಯುತ್ತದೆ. ನೋಡಿ ನೋಡಿ ನನಗೂ ಕೈ ತುರಿಸಿತು. ಹಿಮದ ಮೇಲೆ ಪೆಂಗ್ವಿನ್ನುಗಳು ಸಾಲಾಗಿ ನಿಂತಿರುವ ತುಣುಕೊಂದು ಸಿಕ್ಕಿತು. ನೋಡಿದ ಕೂಡಲೇ ನಮ್ಮೂರ ಹಾಲಿನ ಡೇರಿಯ ಬೆಳಗಿನ ಸಾಲೇ ಕಂಡಂತಾಯಿತು: ಅದೇ ಚಳಿ, ಅದೇ ತೂಕಡಿಕೆ, ಹೊಟ್ಟೆ ಮುಂದೆ ಮಾಡಿಕೊಂಡ ಅದೇ ನಿಲುವು. ದಪ್ಪನೆಯದೊಂದು ಪೆಂಗ್ವಿನ್ನು ಮಧ್ಯೆ ನುಗ್ಗಿದ ಇನ್ನೊಂದನ್ನು ಕೊಕ್ಕಿನಿಂದ ಕುಟ್ಟುತ್ತಿತ್ತು. ನಮ್ಮ ಡೇರಿಯಲ್ಲಿ ಆ ಕೆಲಸ ಅಣ್ಣನದು. ಯಾರೂ ನೇಮಿಸಿದ್ದಲ್ಲ, ತಾನೇ ವಹಿಸಿಕೊಂಡದ್ದು.

ಭಾನುವಾರ ಬಾಗಿಲು ಹಾಕಿಕೊಂಡು ಕೂತು ಎಲ್ಲಕ್ಕೂ ನಾನೇ ದನಿ ಕೊಟ್ಟೆ. ದಪ್ಪ ಪೆಂಗ್ವಿನ್ನಿನ ಬಾಯಿಗೆ ಅಣ್ಣನ ಬೈಗುಳವನ್ನೇ ಹಾಕಿದೆ. "ಯಾವನ್ಲಾ ಅವ್ನು ಮಧ್ಯಕ್ಕೆ ನುಗ್ಗೋನು? ಡೇರಿನೇನು ನಿಮ್ಮಾವ ಬರ್ಕೊಟ್ಟವ್ನಾ? ಆಲ್ಗೆ ನೀರಾಕಿರೋ ಮುಖ ನೋಡು, ಎಂಗೆ ಒಳೀತೈತೆ!"

ಕೇಳಿ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗು ಮುಗಿದ ಮೇಲೆ ಗಾಬರಿಯಾದಳು. "ಯಾರ್ಗೂ ಕಳಿಸ್ಬೇಡ್ರಿ. ಭಾವಂಗೆ ಗೊತ್ತಾದ್ರೆ ಮತ್ತೆ ಈ ಹೊಸ್ಲು ತುಳಿಯಾಕಿಲ್ಲ ಅವ್ರು."

ಒಬ್ಬನೇ ಒಬ್ಬ ಗೆಳೆಯನಿಗೆ ಕಳಿಸಿದೆ. ಸೋಮವಾರ ಸಂಜೆಯೊಳಗೆ ಊರೆಲ್ಲ ನೋಡಿತ್ತು. ಡೇರಿ ಸಾಲಿನಲ್ಲಿ ಅಣ್ಣ ಬಾಯಿ ತೆರೆದರೆ ಸಾಕು, ಜನ ತಮ್ಮ ತಮ್ಮ ಕ್ಯಾನುಗಳ ಕಡೆ ಬಗ್ಗಿ ನಗು ನುಂಗುತ್ತಿದ್ದರು. ಯಾಕೆಂದು ಅವನೊಬ್ಬನಿಗೆ ತಿಳಿಯದು. ಅವನು ಮುಖ ಮುಖ ನೋಡುವುದನ್ನು ಕಂಡು ನನಗೆ ನಾಚಿಕೆಯಾಯಿತು. ಗುರುತಿಲ್ಲದವರನ್ನು ಅಣಕಿಸುವುದು ಬೇರೆ, ಅನ್ನ ಹಾಕಿದವನನ್ನು ಊರ ಮುಂದೆ ನಗೆಪಾಟಲು ಮಾಡುವುದು ಬೇರೆ. ಆ ವಾರವೆಲ್ಲ ಅವನು ಜಗಲಿಗೆ ಬಂದ ಸದ್ದಾದರೆ ನಾನು ಟೀವಿ ಆರಿಸುತ್ತಿದ್ದೆ. ಅವನು ಬರುವುದನ್ನೇ ನಿಲ್ಲಿಸಿಬಿಟ್ಟರೆ ಏನು ಮಾಡುವುದು ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು.

ಎಳನೀರು ತುಂಬಲು ಪೇಟೆಯಿಂದ ಬರುವ ಟೆಂಪೋ ಭಾಯ್ ಶನಿವಾರ ಗುಟ್ಟು ಒಡೆದ. ಪಾಪ, ಹೊಗಳಿಕೆ ಎಂದೇ ತಿಳಿದಿದ್ದ. "ಬಿಲ್ಕುಲ್ ನಿಮ್ದೇ ಆವಾಜ್ ಅಣ್ಣಾ, ಸೂಪರ್!" ಎಂದು ತನ್ನ ಫೋನನ್ನು ಅಣ್ಣನ ಕೈಗೇ ಕೊಟ್ಟನಂತೆ.

ಮಧ್ಯಾಹ್ನ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಣ್ಣ ಬಂದ. ಜಗಲಿಯಲ್ಲಿ ಕೂರದೆ ನೇರ ಒಳಗೆ ಬಂದ. ಹೆಂಡತಿ ಅಡುಗೆಮನೆ ಸೇರಿಕೊಂಡಳು.

"ಅದ್ನ ಆಕು," ಅಂದ.

ಹಾಕಿ ಫೋನು ಕೊಟ್ಟೆ. ಅವನು ಪೆಂಗ್ವಿನ್ನುಗಳನ್ನು ನೋಡಲೇ ಇಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆ ನೋಡುತ್ತ ಪೂರ್ತಿ ಕೇಳಿದ.

"ತಪ್ಪಾಯ್ತು ಕಣಣ್ಣ. ಈಗ್ಲೇ ಅಳಿಸ್ಬುಡ್ತೀನಿ."

"ಅಳಿಸಿದ್ರೆ ಕೈ ಮುರ್ದಾಕ್ಬುಡ್ತೀನಿ. ಊರೋರೆಲ್ಲ ಇದು ನಾನು ಅಂತಾವ್ರಂತೆ. ನಾನಲ್ಲ ಕಣ್ಲಾ. ಬೈಯೋಕ್ ಮುಂಚೆ ಒಂದ್ಕಿತ ಕೆಮ್ತೀಯಲ್ಲ, ನಾನ್ಯಾವತ್ಲಾ ಅಂಗೆ ಕೆಮ್ಮಿದ್ದೀನಿ? ಇದು ಅಪ್ಪ."

ನನಗೆ ಎರಡು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಗೋಡೆಯ ಮೇಲಿನ ಫೋಟೋ ಬಿಟ್ಟರೆ ಅವನು ನನಗೆ ಗೊತ್ತೇ ಇಲ್ಲ. ಆ ಕೆಮ್ಮನ್ನು ನಾನು ಬೇಕೆಂದು ಸೇರಿಸಿದ್ದೂ ಅಲ್ಲ. ಅದು ನನ್ನದೇ ಚಾಳಿ, ತರಗತಿಯಲ್ಲಿ ಮಕ್ಕಳನ್ನು ಗದರುವ ಮೊದಲು ತಾನಾಗಿ ಬರುವಂಥದ್ದು. ಸೀಮೆಸುಣ್ಣದ ಧೂಳಿನಿಂದ ಬಂದದ್ದು ಎಂದುಕೊಂಡಿದ್ದೆ.

"ನಿಂಗೆ ಅಪ್ಪನ ದನಿ ಗ್ಯಾಪ್ಕ ಇರೋ ವಯಸ್ಸೇ ಅಲ್ಲ ಅದು. ಎಲ್ಲಿತ್ಲಾ ಇದು ಇಷ್ಟ್ ದಿನ?" ಅಂದ ಅಣ್ಣ. ಅವನ ಕಣ್ಣು ತುಂಬಿತ್ತು.

ಇನ್ನೊಂದು ಸಲ ಹಾಕಿಸಿಕೊಂಡ. ಮತ್ತೊಂದು ಸಲ. ಹಾಲಿಗೆ ನೀರು ಹಾಕಿದ ಮುಖದ ಮಾತು ಮೂರನೆಯ ಸಲ ಬಂದಾಗ ಅಣ್ಣ ತೊಡೆ ತಟ್ಟಿಕೊಂಡು ನಕ್ಕುಬಿಟ್ಟ. ಅಡುಗೆಮನೆಯಿಂದ ನನ್ನ ಹೆಂಡತಿಯೂ ನಕ್ಕಳು. ನಾನು ನಗಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಸಲ, ನಮ್ಮಪ್ಪ ಬೈಯುವುದನ್ನು ಕೇಳುತ್ತಿದ್ದೆ.