ಇಸಿಜಿ ಹೋಗದ ಇಪ್ಪತ್ತು ನಿಮಿಷ

ಮೊನ್ನೆ ಶೃಂಗೇರಿಯ ವಸತಿಗೃಹವೊಂದರಲ್ಲಿ ಹಳೆಯ ರೌಟರಿನ ಮುಚ್ಚಳ ತೆಗೆದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿದು ಕೈ ಅಲ್ಲೇ ನಿಂತಿತು. ನಿಮಗೆ ಇದು ಬರೀ ಧೂಳು. ನನಗೆ ಕೊಪ್ಪದ ಆಸ್ಪತ್ರೆ, ಹಮೀದ್ ಸಾಬ್ರು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಆ ಪುಟ್ಟ ಆಸ್ಪತ್ರೆಯಲ್ಲಿ ಹೃದಯದ ವೈದ್ಯರಿರಲಿಲ್ಲ. ಇಸಿಜಿಯನ್ನು ಕಂಪ್ಯೂಟರಿನಿಂದ ಶಿವಮೊಗ್ಗಕ್ಕೆ ಕಳಿಸಿದರೆ ಅಲ್ಲಿನ ತಜ್ಞರು ನೋಡಿ ಫೋನಿನಲ್ಲಿ ಹೇಳುತ್ತಿದ್ದರು. ಇಂಟರ್ನೆಟ್ಟಿಗೆ ಎರಡು ಲೈನುಗಳಿದ್ದವು; ಎರಡನ್ನೂ ಸೇರಿಸುವ ರೌಟರನ್ನು ಕೂರಿಸಿದವನು ನಾನು. ಒಂದು ಆಸ್ಪತ್ರೆಗೆಂದೇ ಬಾಡಿಗೆಗೆ ಪಡೆದ ನಂಬಿಗಸ್ತ ಲೀಸ್ಡ್ ಲೈನು, ಇನ್ನೊಂದು ಮನಸ್ಸು ಬಂದಾಗ ಓಡುವ ಬ್ರಾಡ್‌ಬ್ಯಾಂಡು. ಯಾವ ಕಂಪ್ಯೂಟರಿನ ಮಾಹಿತಿ ಯಾವ ಲೈನಿನಲ್ಲಿ ಹೋಗಬೇಕೆಂದು ರೌಟರಿಗೆ ಕಟ್ಟಪ್ಪಣೆ ಮಾಡಬಹುದು. ನಮ್ಮ ಕಸುಬಿನಲ್ಲಿ ಅದಕ್ಕೆ ಪಾಲಿಸಿ ರೂಟಿಂಗ್ ಎನ್ನುತ್ತಾರೆ. ಇಸಿಜಿ ಲೀಸ್ಡ್ ಲೈನಿನಲ್ಲೇ ಹೋಗಲಿ, ಬಿಲ್ಲು ಗಿಲ್ಲು ಬ್ರಾಡ್‌ಬ್ಯಾಂಡಿನಲ್ಲಿ ಎಂದು ಬರೆದು, ಆಗಷ್ಟೇ ಕಲಿತ ವಿದ್ಯೆಗೆ ನಾನೇ ತಲೆದೂಗಿದ್ದೆ.

ತಿಂಗಳ ನಂತರ ಪ್ರಿಂಟರ್ ನೋಡಲು ಹೋಗಿದ್ದೆ. ಬೆಳಿಗ್ಗೆ ಹತ್ತರ ಹೊತ್ತು. ಬಸರೀಕಟ್ಟೆಯಲ್ಲಿ ಜೀಪು ಓಡಿಸುವ ಹಮೀದ್ ಸಾಬ್ರನ್ನು ಇಬ್ಬರು ಹಿಡಿದು ತಂದರು. ಆ ರೌಟರನ್ನೂ ನನ್ನನ್ನೂ ಅಲ್ಲಿಗೆ ತಂದಿಳಿಸಿದ್ದು ಅವರದೇ ಜೀಪು. ಎದೆನೋವು, ಸಾಬ್ರ ಅಂಗಿಯೆಲ್ಲ ಬೆವರಿನಿಂದ ಒದ್ದೆ. ನರ್ಸ್ ಲಲಿತಕ್ಕ ಇಸಿಜಿ ತೆಗೆದರು. ಅದು ಹೋಗಲಿಲ್ಲ.

ನಾನು ರೌಟರಿನ ಕಡೆ ಓಡಿದೆ; ಕಾದ ಧೂಳಿನ ವಾಸನೆ. ಲೀಸ್ಡ್ ಲೈನಿನ ದೀಪ ಹಸಿರಾಗಿಯೇ ಇತ್ತು. ವೈರು ಕಿತ್ತು ಹಾಕಿದೆ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಗಡಿಯಾರ ನೋಡಿದರೆ ಇಪ್ಪತ್ತು ನಿಮಿಷ!

"ಬಿಲ್ಲಿನ ಕಂಪ್ಯೂಟರಿಂದ ಎಲ್ಲಾ ಹೋಗ್ತಾ ಉಂಟು, ಇದ್ರಿಂದ ಮಾತ್ರ ಹೋಗಲ್ಲ ಅಂದ್ರೆ ಎಂತ ಮಾರಾಯ್ರೆ?" ಲಲಿತಕ್ಕ ಬಾಗಿಲಲ್ಲೇ ಕೂಗಿದರು.

ಲೀಸ್ಡ್ ಲೈನೇ ಸತ್ತಿದೆ ಎಂದು ಆಗ ಹೊಳೆಯಿತು. ರಸ್ತೆ ಅಗಲ ಮಾಡುವವರು ಎಲ್ಲೋ ದೂರದಲ್ಲಿ ಅದನ್ನು ಕಡಿದಿದ್ದರೆಂದು ಆಮೇಲೆ ತಿಳಿಯಿತು. ನಮ್ಮ ಗೋಡೆಯ ಮೇಲಿನ ಪೆಟ್ಟಿಗೆಗೆ ಅದು ಗೊತ್ತಿಲ್ಲ, ಅದಕ್ಕೇ ಹಸಿರು ದೀಪ. ರೌಟರು ನನ್ನ ಅಪ್ಪಣೆಯನ್ನು ಶಿರಸಾ ಪಾಲಿಸುತ್ತ, ಸತ್ತ ಲೈನಿಗೇ ಇಸಿಜಿಯನ್ನು ಸುರಿಯುತ್ತಿತ್ತು. ಲೈನು ಸತ್ತರೆ ಇನ್ನೊಂದಕ್ಕೆ ಹೊರಳು ಎಂಬ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಇಸಿಜಿಗೆಂದು ಏನೂ ಬರೆಯದೆ ಬಿಟ್ಟಿದ್ದರೂ ಅದು ಬಿಲ್ಲಿನ ಹಾಗೆ ಬ್ರಾಡ್‌ಬ್ಯಾಂಡಿನಲ್ಲಿ ಹೋಗಿಬಿಡುತ್ತಿತ್ತು!

ಲಲಿತಕ್ಕ ನನಗೆ ಕಾಯಲಿಲ್ಲ. ಇಸಿಜಿಯನ್ನು ಪೆನ್‌ಡ್ರೈವಿಗೆ ಹಾಕಿ ಬಿಲ್ಲಿನ ಕಂಪ್ಯೂಟರಿಗೆ ಒಯ್ದು ಕಳಿಸಿದರು. ಮರುಕ್ಷಣ ಶಿವಮೊಗ್ಗದಿಂದ ಫೋನು, ಇಲ್ಲಿ ಇಂಜೆಕ್ಷನ್ನು.

ಸಾಬ್ರು ಉಳಿದರು. ಆದರೆ ಹೃದಯ ಸೋತಿತ್ತು, ಜೀಪು ಓಡಿಸುವುದು ನಿಂತೇಹೋಯಿತು. ಆ ಇಪ್ಪತ್ತು ನಿಮಿಷದಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ತಿಂಗಳು ಬಿಟ್ಟು ಅವರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಸಾಬ್ರು ಟೀ ಲೋಟವನ್ನು ನನ್ನ ಮುಂದಿಟ್ಟರು.

"ಎದೆನೋವು ಹೆಂಗೋ ತಡ್ಕೊಂಡಿದ್ದೆ ಮಾರಾಯ. ನೀನು ಬೆವರಿದ್ದು ನೋಡಿ ಹೆದರಿಕೆ ಆಯ್ತು," ಎಂದರು. ಮತ್ತೆ, "ಟೀ ಆರತ್ತೆ, ಕುಡಿ."

ಕ್ಷಮಿಸಿದರೋ ಇಲ್ಲವೋ, ಇವತ್ತಿಗೂ ತಿಳಿಯದು.

ಶೃಂಗೇರಿಯಲ್ಲಿ ಕೆಲಸ ಮುಗಿಯಿತು, ಎರಡು ಲೈನೂ ಓಡತೊಡಗಿದವು. ನಾನು ಮೊದಲನೆಯದರ ವೈರು ಕಿತ್ತೆ.

"ಸರಿ ಇದ್ದದ್ದನ್ನ ಎಂತಕ್ಕೆ ಕೀಳ್ತೀರಿ?" ಮ್ಯಾನೇಜರು ರೇಗಿದರು.

ನಾನು ಪರದೆಯನ್ನೇ ನೋಡುತ್ತ ಮನಸ್ಸಿನಲ್ಲೇ ಎಣಿಸಿದೆ: ಒಂದು, ಎರಡು, ಮೂರು... ಏಳಕ್ಕೆ ಎರಡನೆಯ ಲೈನು ಹಿಡಿಯಿತು. ಆಮೇಲೆಯೇ ಉಸಿರು ಬಿಟ್ಟೆ.