ಎರಡು ಮನೆಗೆ ಒಂದೇ ಬಲ್ಬು
ಇಚಲಕರಂಜಿಯ ಕನ್ನಡ ಶಾಲೆಯಲ್ಲಿ ಆ ಒಂದು ಪಾಠ ಚೆನ್ನಾಗಿ ಮಾಡಿದರಷ್ಟೇ ನನಗೆ ನೌಕರಿ. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ತರರು ಕೂತಿದ್ದರು. ಪರಮಾಣುಗಳು ಎಲೆಕ್ಟ್ರಾನು ಹಂಚಿಕೊಳ್ಳುವುದನ್ನು ಇಂಗ್ಲಿಷಿನಲ್ಲಿ ಕಲಿತ ನನಗೆ ಅದನ್ನು ಈ ಮಕ್ಕಳಿಗೆ ತಿಳಿಯುವ ಹಾಗೆ ಹೇಳುವ ಬಗೆ ಹೊಳೆಯಲಿಲ್ಲ. ಆಗ ಮಗ್ಗದವರ ಸಾಲುಮನೆಗಳ ಚಾಳು ನೆನಪಾಯಿತು. ಅಲ್ಲಿ ನಡುಗೋಡೆಯ ಕಿಂಡಿಯಲ್ಲಿ ಒಂದೇ ಬಲ್ಬು ತೂಗುಹಾಕಿ ಎರಡು ಮನೆಯವರು ಬೆಳಕು ಹಂಚಿಕೊಳ್ಳುತ್ತಿದ್ದರು.

"ಬಲ್ಬs ಎಲೆಕ್ಟ್ರಾನು ಅಂತ ತಿಳೀರಿ. ಅದು ನಟ್ಟನಡುವ ಇರತದೇನು?" ಎಂದೆ.

"ಎಲ್ಲೀದ್ರಿ ಟೀಚರ್‌ಬಾಯಿ! ಮಗ್ಗಲಮನಿ ಕಾಕು ತನ್ನ ಕಡೆ ಭಾಳ ಜಗ್ಗತಾಳ್ರಿ!" ಎಂದಳು ಆ ಚಾಳಿನ ಒಬ್ಬ ಹುಡುಗಿ, ಪಕ್ಕದ ಮನೆಯ ಚಿಕ್ಕಮ್ಮನನ್ನು ನೆನೆದು.

"ಹಂಗಾದ್ರ ಆಕಿ ಕ್ಲೋರಿನ್, ನೀ ಹೈಡ್ರೋಜನ್. ಇದು ಧ್ರುವೀಯ ಸಹವೇಲೆನ್ಸೀಯ ಬಂಧ."

"ಬಲ್ಬs ಕಿತ್ಕೊಂಡು ಹೋದ್ರ?" ಹುಡುಗಿ ಮತ್ತೆ ಕೇಳಿದಳು.

"ಅದು ಅಯಾನಿಕ ಬಂಧ. ಉಪ್ಪಿನೊಳಗ ಸೋಡಿಯಂದು ಎಲೆಕ್ಟ್ರಾನು ಕ್ಲೋರಿನ್ ಕಡೆ ಹಂಗs ಹೋಗತದ."

ವರ್ಗವೆಲ್ಲ ನಕ್ಕಿತು. ಹೆಡ್‌ಮಾಸ್ತರರು ಎದ್ದು, "ನಾಳಿಂದ ಬರ್ರಿ" ಎಂದರು. ನನ್ನ ಆಡುಮಾತಿನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಮರುದಿನ ಮಕ್ಕಳಿಗಿಂತ ಮೊದಲು ಆ ಕಾಕುವೇ ವರ್ಗದ ಬಾಗಿಲಲ್ಲಿ ನಿಂತಿದ್ದಳು: "ನನಗ ಕ್ಲೋರಿನ್ ಅಂದಾಕಿ ಯಾರ?"